ಓಡುತ್ತಿರುವ ದೋಣಿಯ ಸೆಟ್ಟಿಂಗ್ ಬದಲಿಸೋದು: ಆಟೋಪೈಲಟ್ ತಂತ್ರಾಂಶದಿಂದ ಒಂದು ಪಾಠ

ಚಿಕ್ಕಬಳ್ಳಾಪುರದಲ್ಲಿ ಕೂತು ದೋಣಿಯ ಬಗ್ಗೆ ಬರೆಯೋದು ಸ್ವಲ್ಪ ತಮಾಷೆಯಾಗಿ ಕಾಣಬಹುದು. ನಂದಿಬೆಟ್ಟದ ಸುತ್ತಮುತ್ತ ಹುಟ್ಟುವ ನದಿಗಳ ಪಟ್ಟಿಯೇನೋ ಉದ್ದ ಇದೆ: ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ. ಆದರೆ ವರ್ಷಪೂರ್ತಿ ದೋಣಿ ತೇಲುವಷ್ಟು ನೀರು ನಮ್ಮ ಕಡೆ ಯಾವುದರಲ್ಲೂ ಇರಲ್ಲ. ಇರೋದು ಕೆರೆಗಳು. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕಂದವಾರ ಕೆರೆಗೆ ಬರೋಕೆ ಶುರುವಾದ ಮೇಲೆ "ಈ ನೀರು ಹೇಗಿದೆ?" ಅನ್ನೋ ಪ್ರಶ್ನೆ ಎಲ್ಲರ ಬಾಯಲ್ಲೂ ಇದೆ. ಕೆರೆಯ ನಡುವಿಗೆ ಹೋಗಿ ಪಿಎಚ್, ಕಲಕು, ಉಷ್ಣತೆ ಅಳೆದು ಬರುವ ಚಿಕ್ಕ ಸ್ವಯಂಚಾಲಿತ ದೋಣಿ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಹೇಳಿ ಮಾಡಿಸಿದ ವಿಷಯ.

ದೋಣಿ ಕಟ್ಟೋದು ಅಷ್ಟು ಕಷ್ಟ ಅಲ್ಲ. ಎರಡು ಪೈಪು, ಎರಡು ಮೋಟಾರು, ಒಂದು ಜಿಪಿಎಸ್, ಒಂದು ದಿಕ್ಸೂಚಿ ಸೆನ್ಸರ್, ಒಂದು ಬೋರ್ಡು. ಕಷ್ಟ ಶುರುವಾಗೋದು ಅದು ನೀರಿಗಿಳಿದು ಹೊರಟ ಮೇಲೆ. ಹಾವಿನ ಹಾಗೆ ಅತ್ತಿತ್ತ ಹೊರಳುತ್ತಾ ಹೋಗುತ್ತೆ. ದಡದಲ್ಲಿ ಲ್ಯಾಪ್‌ಟಾಪ್ ಹಿಡಿದವನು "ಪಿ ಬೆಲೆ ಸ್ವಲ್ಪ ಜಾಸ್ತಿ ಮಾಡ್ತೀನಿ ಇರು" ಅಂತಾನೆ, ಎಂಟರ್ ಒತ್ತುತ್ತಾನೆ. ಆ ಒಂದು ಎಂಟರ್‌ನಿಂದ ದೋಣಿಯೊಳಗೆ ಏನೇನಾಗುತ್ತೆ, ಏನೇನು ಕೆಡಬಹುದು, ಕೆಡದ ಹಾಗೆ ಕೋಡ್ ಬರೆಯೋದು ಹೇಗೆ ಅನ್ನೋದೇ ಈ ಲೇಖನ. ಪಿಐಡಿ ಅಂದರೇನು ಅಂತ ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಲ್ಲಿ ಕೇಳಿದ್ದರೆ ಸಾಕು. ಕೇಳಿಲ್ಲದವರಿಗೆ ಮುಂದಿನ ಭಾಗದಲ್ಲಿ ಎರಡೇ ಪ್ಯಾರಾ.

1. ಚುಕ್ಕಾಣಿ ಹಿಡಿಯುವ ಲೆಕ್ಕ

ದೋಣಿ 90 ಡಿಗ್ರಿಗೆ, ಅಂದರೆ ನೇರ ಪೂರ್ವಕ್ಕೆ, ಹೋಗಬೇಕು. ಈಗ ಅದರ ಮೂತಿ 80 ಡಿಗ್ರಿಗೆ ಇದೆ. ವ್ಯತ್ಯಾಸ 10 ಡಿಗ್ರಿ. ಇದನ್ನೇ ಎರರ್ ಅನ್ನೋದು. ಚುಕ್ಕಾಣಿಯನ್ನು ಎಷ್ಟು ತಿರುಗಿಸಬೇಕು ಅನ್ನೋದನ್ನು ಮೂರು ಭಾಗ ಕೂಡಿಸಿ ನಿರ್ಧರಿಸುತ್ತೇವೆ. ಪಿ ಭಾಗ ಈಗಿನ ಎರರ್ ನೋಡುತ್ತೆ: ಪಿ ಬೆಲೆ 0.5 ಆದರೆ 5 ಡಿಗ್ರಿ ಚುಕ್ಕಾಣಿ. ಐ ಭಾಗ ಇಲ್ಲಿವರೆಗಿನ ಎರರ್‌ಗಳನ್ನೆಲ್ಲ ಕೂಡಿಸುತ್ತಾ ಬರುತ್ತೆ: ಒಂದೇ ಕಡೆಯಿಂದ ಗಾಳಿ ತಳ್ಳುತ್ತಿದ್ದರೆ ಅದನ್ನು ತಡೆದು ನಿಲ್ಲೋಕೆ ಇದು ಬೇಕು. ಡಿ ಭಾಗ ಎಷ್ಟು ಬೇಗ ತಿರುಗುತ್ತಿದ್ದೇವೆ ಅನ್ನೋದನ್ನು ನೋಡಿ ಬ್ರೇಕ್ ಹಾಕುತ್ತೆ.

ಈ ಲೆಕ್ಕ ಹುಟ್ಟಿದ್ದೇ ಹಡಗಿನಲ್ಲಿ. ನಿಕೊಲಾಸ್ ಮಿನೋರ್ಸ್ಕಿ 1922ರಲ್ಲಿ ಹಡಗುಗಳನ್ನು ತಾನೇ ತಾನಾಗಿ ನಡೆಸುವ ಬಗ್ಗೆ ಬರೆದ ಪ್ರಬಂಧದಲ್ಲಿ, ಅನುಭವಿ ಚುಕ್ಕಾಣಿಗಾರ ಈಗಿನ ಎರರ್ ಒಂದನ್ನೇ ನೋಡಲ್ಲ, ಹಿಂದೆ ಆಗಿದ್ದನ್ನೂ ಅದು ಬದಲಾಗುತ್ತಿರುವ ವೇಗವನ್ನೂ ಗಮನಿಸುತ್ತಾನೆ ಅನ್ನೋ ಮಾತನ್ನು ಗಣಿತಕ್ಕೆ ಇಳಿಸಿದರು. ಅಮೆರಿಕದ ನೌಕಾಪಡೆಯ ನ್ಯೂ ಮೆಕ್ಸಿಕೋ ಅನ್ನುವ ಯುದ್ಧನೌಕೆಯ ಮೇಲೆ ಇದರ ಪ್ರಯೋಗ ನಡೆಯಿತು. ನಾವು ಇವತ್ತು ಡ್ರೋನ್‌ನಂಥವುಗಳಲ್ಲಿ ಬಳಸುವ ಪಿಐಡಿಗೆ ತವರು ಸಮುದ್ರ.

ನಮ್ಮೂರಿನವರೂ ಹತ್ತಿರದ ಕೆಲಸ ಮಾಡಿದ್ದಾರೆ. ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು ವಿನ್ಯಾಸ ಮಾಡಿದ ಸ್ವಯಂಚಾಲಿತ ಗೇಟುಗಳು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಲ್ಲಿ ಬಂದವು. ನೀರಿನ ಮಟ್ಟ ಏರಿದರೆ ಗೇಟು ತಾನೇ ತೆರೆಯುತ್ತೆ, ಇಳಿದರೆ ತಾನೇ ಮುಚ್ಚುತ್ತೆ. ಅಲ್ಲಿ "ಸೆಟ್ಟಿಂಗ್" ಅನ್ನೋದು ತೂಕ, ಅಳತೆಗಳಲ್ಲೇ ಕೂತಿತ್ತು. ಬದಲಿಸಬೇಕಾದರೆ ಕಬ್ಬಿಣ ಬಿಚ್ಚಬೇಕಿತ್ತು. ನಮ್ಮ ಕಾಲದ ಸೆಟ್ಟಿಂಗ್ ಮೆಮೊರಿಯಲ್ಲಿರುವ ಒಂದು ಸಂಖ್ಯೆ ಅಷ್ಟೆ. ಬದಲಿಸೋದು ಸುಲಭವಾಗಿರೋದರಿಂದಲೇ ಅಪಾಯ.

2. ನಿಲ್ಲಿಸಿ ಬದಲಿಸಬಾರದಾ?

ಕ್ಲಾಸಲ್ಲಿ ಮೊದಲು ಬರೋ ಪ್ರಶ್ನೆ ಇದೇ. ವೆಬ್ ಸರ್ವರ್ ಆದರೆ ಕಾನ್ಫಿಗ್ ಫೈಲ್ ತಿದ್ದಿ ರೀಸ್ಟಾರ್ಟ್ ಮಾಡ್ತೀವಿ. ಎರಡು ಸೆಕೆಂಡ್ ಪುಟ ತೆರೆಯಲ್ಲ, ಯಾರೂ ಸಾಯಲ್ಲ. ದೋಣಿಯಲ್ಲಿ ಹಾಗಲ್ಲ. ತಂತ್ರಾಂಶ ನಿಂತರೂ ದೋಣಿ ನಿಲ್ಲಲ್ಲ. ಗಾಳಿ, ಅಲೆ, ಹಿಂದಿನ ವೇಗ ಮೂರೂ ಅದನ್ನು ಎಳೆದುಕೊಂಡು ಹೋಗ್ತಾನೇ ಇರುತ್ತೆ. ಚುಕ್ಕಾಣಿ ಕೊನೆಗೆ ಎಲ್ಲಿತ್ತೋ ಅಲ್ಲೇ ಸಿಕ್ಕಿಕೊಂಡಿರುತ್ತೆ. ಅಂದರೆ "ನಿಲ್ಲಿಸೋದು" ಕೂಡ ಒಂದು ಸೆಟ್ಟಿಂಗ್ ಬದಲಾವಣೆಯೇ, ಅದೂ ತುಂಬಾ ಒರಟಾದದ್ದು.

ಹಾಯಿದೋಣಿಯಲ್ಲಿ ಇದು ಇನ್ನೂ ಗಂಭೀರ. ಗಾಳಿ ಹಿಂದಿನಿಂದ ಬರುತ್ತಿರುವಾಗ ದೋಣಿ ಹತ್ತಿಪ್ಪತ್ತು ಡಿಗ್ರಿ ತಪ್ಪು ಕಡೆ ಹೊರಳಿದರೂ ಗಾಳಿ ಹಾಯಿಯ ಹಿಂಬದಿಗೆ ಬಡಿದು, ಬೂಮ್ ಅನ್ನುವ ಉದ್ದನೆಯ ಅಡ್ಡಕಂಬ ಒಂದು ಬದಿಯಿಂದ ಇನ್ನೊಂದು ಬದಿಗೆ ಬೀಸಿಕೊಂಡು ಬರುತ್ತೆ. ಅದರ ದಾರಿಯಲ್ಲಿ ಯಾರ ತಲೆ ಇದ್ದರೂ ಹೊಡೆಯುತ್ತೆ, ನೀರಿಗೆ ಎಸೆಯುತ್ತೆ. ಒಬ್ಬನೇ ಇರುವ ದೋಣಿಯಲ್ಲಿ ಅವನು ನೀರಿಗೆ ಬಿದ್ದರೆ ಆಟೋಪೈಲಟ್ ನಿಷ್ಠೆಯಿಂದ ದೋಣಿಯನ್ನು ದೂರ ಒಯ್ಯುತ್ತಲೇ ಇರುತ್ತೆ. ಆಟೋಪೈಲಟ್ ಬಳಸೋದೇ ಮನುಷ್ಯ ಮಲಗಿರುವಾಗ, ಅಡುಗೆ ಮಾಡುವಾಗ, ಹಾಯಿ ಸರಿಪಡಿಸುವಾಗ ಅನ್ನೋದನ್ನು ಮರೆಯಬೇಡಿ.

ಮತ್ತೆ, ದಡದಲ್ಲಿ ಕಟ್ಟಿಹಾಕಿ ಟ್ಯೂನ್ ಮಾಡೋಕೂ ಆಗಲ್ಲ. ಚುಕ್ಕಾಣಿ ಕೆಲಸ ಮಾಡೋದು ಅದರ ಮೇಲೆ ನೀರು ಹರಿದಾಗ ಮಾತ್ರ. ಇವತ್ತು ಸರಿಯಾದ ಬೆಲೆ ನಾಳೆ ಗಾಳಿ ಜೋರಾದಾಗ ಸರಿಯಿರಲ್ಲ. ಹಾಗಾಗಿ ಓಡುತ್ತಿರುವಾಗಲೇ ಬದಲಿಸೋದು ಅನಿವಾರ್ಯ.

ಶಿಡ್ಲಘಟ್ಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೂಲು ಬಿಚ್ಚಾಣಿಕೆಯಲ್ಲಿ ಬಿಸಿನೀರಿನ ಬೇಸಿನ್ನಿನಲ್ಲಿ ಹಲವು ಗೂಡುಗಳ ಎಳೆ ಸೇರಿ ಒಂದು ನೂಲಾಗುತ್ತೆ. ಒಂದು ಗೂಡು ಮುಗಿದರೆ ರಾಟೆ ಓಡುತ್ತಿರುವಾಗಲೇ ಹೊಸ ಗೂಡಿನ ಎಳೆಯನ್ನು ಬೆರಳಲ್ಲಿ ಸೇರಿಸುತ್ತಾರೆ. ತಡವಾದರೆ ನೂಲು ತೆಳುವಾಗುತ್ತೆ, ಒಟ್ಟಿಗೆ ಹೆಚ್ಚು ಸೇರಿಸಿದರೆ ಗಂಟಾಗುತ್ತೆ. ಒಂದೊಂದಾಗಿ, ಸರಿಯಾದ ಹೊತ್ತಿಗೆ, ನೂಲಿಗೆ ಗೊತ್ತಾಗದ ಹಾಗೆ. ಈ ಮೂರು ಮಾತನ್ನು ನೆನಪಿಟ್ಟುಕೊಳ್ಳಿ, ಕೆಳಗೆ ಕೋಡ್ ರೂಪದಲ್ಲಿ ಮತ್ತೆ ಬರುತ್ತೆ.

3. ಎಲ್ಲಾ ಸೆಟ್ಟಿಂಗೂ ಒಂದೇ ಜಾತಿ ಅಲ್ಲ

ಕೋಡ್ ಬರೆಯುವ ಮೊದಲು ಸೆಟ್ಟಿಂಗ್‌ಗಳನ್ನು ಮೂರು ಗುಂಪು ಮಾಡಿ.

ಮೊದಲನೆಯದು ಆಜ್ಞೆ: "90 ಬಿಟ್ಟು 100 ಡಿಗ್ರಿಗೆ ಹೋಗು", "ವೇಗ ಕಮ್ಮಿ ಮಾಡು". ಇವು ಬದಲಾಗೋಕೇ ಇರೋದು, ಯಾವಾಗ ಬೇಕಾದರೂ ಬದಲಾಗಬಹುದು.

ಎರಡನೆಯದು ಟ್ಯೂನಿಂಗ್: ಪಿ, ಐ, ಡಿ ಬೆಲೆಗಳು, ಚುಕ್ಕಾಣಿಯ ಗರಿಷ್ಠ ವೇಗ, ಮೋಟಾರಿನ ಗರಿಷ್ಠ ಕರೆಂಟ್. ಓಡುವಾಗ ಬದಲಿಸಬಹುದು, ಆದರೆ ಸಣ್ಣ ಹೆಜ್ಜೆಯಲ್ಲಿ, ಮಿತಿಯೊಳಗೆ.

ಮೂರನೆಯದು ರಚನೆ: ಯಾವ ಪೋರ್ಟಿಗೆ ಯಾವ ಸೆನ್ಸರ್, ಬಾಡ್ ರೇಟ್ ಎಷ್ಟು, ಮೋಟಾರ್ ಯಾವ ದಿಕ್ಕಿಗೆ ತಿರುಗಬೇಕು, ದಿಕ್ಸೂಚಿಯನ್ನು ಯಾವ ಮುಖವಾಗಿ ಕೂರಿಸಿದೆ. ಇವನ್ನು ಓಡುವಾಗ ಮುಟ್ಟಬಾರದು. ಮೋಟಾರಿನ ದಿಕ್ಕನ್ನೇ ತೆಗೆದುಕೊಳ್ಳಿ. ಅದನ್ನು ಉಲ್ಟಾ ಮಾಡಿದ ಕ್ಷಣ ನೆಗೆಟಿವ್ ಫೀಡ್‌ಬ್ಯಾಕ್ ಪಾಸಿಟಿವ್ ಆಗುತ್ತೆ: ಎಡಕ್ಕೆ ಹೊರಳಿದರೆ ಇನ್ನೂ ಎಡಕ್ಕೆ ತಳ್ಳುತ್ತೆ. ದೋಣಿ ಗಿರಗಿಟ್ಟಲೆ ಆಡುತ್ತೆ.

ಮುಕ್ತ ತಂತ್ರಾಂಶಗಳು ಇದನ್ನು ಹೇಗೆ ಮಾಡಿವೆ ನೋಡಿ. ಆರ್ಡುಪೈಲಟ್‌ನ ರೋವರ್ ಆವೃತ್ತಿ ಕಾರಿಗೂ ದೋಣಿಗೂ ಒಂದೇ. ಫ್ರೇಮ್ ಕ್ಲಾಸ್ ಅನ್ನುವ ಸೆಟ್ಟಿಂಗ್ 2 ಅಂತ ಇಟ್ಟರೆ ಅದು ತನ್ನನ್ನು ದೋಣಿ ಅಂತ ತಿಳಿಯುತ್ತೆ. ಅದರ ಪ್ಯಾರಾಮೀಟರ್ ಪಟ್ಟಿಯಲ್ಲಿ ಕೆಲವಕ್ಕೆ "ಬದಲಿಸಿದ ಮೇಲೆ ರೀಬೂಟ್ ಬೇಕು" ಅಂತ ಗುರುತು ಇರುತ್ತೆ. ಅವು ನಮ್ಮ ಮೂರನೇ ಗುಂಪು. ಹಾಯಿದೋಣಿಗಳಿಗಾಗಿ ಶಾನ್ ಡಿ'ಎಪಾನಿಯೆ ಬರೆದ ಪೈಪೈಲಟ್ ಅನ್ನುವ ತಂತ್ರಾಂಶ ರಾಸ್ಪ್‌ಬೆರಿ ಪೈ ಮೇಲೆ ಓಡುತ್ತೆ. ಅದರಲ್ಲಿ ಪ್ರತಿ ಸೆಟ್ಟಿಂಗ್‌ಗೂ ಒಂದು ಹೆಸರು, ಒಂದು ಬೆಲೆ, ಕನಿಷ್ಠ–ಗರಿಷ್ಠ ಮಿತಿ, "ಇದನ್ನು ಡಿಸ್ಕಿನಲ್ಲಿ ಉಳಿಸಬೇಕೇ" ಅನ್ನುವ ಗುರುತು ಇರುತ್ತೆ. ನಿಮ್ಮ ಪ್ರಾಜೆಕ್ಟಲ್ಲೂ ಸೆಟ್ಟಿಂಗ್ ಅನ್ನೋದು ಬರೀ ಗ್ಲೋಬಲ್ ವೇರಿಯಬಲ್ ಆಗಿರಬಾರದು. ಈ ಐದು ಮಾಹಿತಿ ಇರುವ ಒಂದು ಸ್ಟ್ರಕ್ಟ್ ಆಗಿರಲಿ: ಹೆಸರು, ಬೆಲೆ, ಮಿತಿ, ಗುಂಪು, ಉಳಿಸಬೇಕೋ ಬೇಡವೋ.

4. ಅರ್ಧ ಹಳೆಯದು, ಅರ್ಧ ಹೊಸದು

ಗೌರಿಬಿದನೂರಿನ ರೇಡಿಯೋ ದೂರದರ್ಶಕದ ಬಗ್ಗೆ ಕೇಳಿರ್ತೀರಿ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ ಅಲ್ಲಿನ 34.5 ಮೆಗಾಹರ್ಟ್ಸ್ ದೂರದರ್ಶಕದಲ್ಲಿ ತಿರುಗುವ ಬಟ್ಟಲು ಇರಲಿಲ್ಲ. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನೆಟ್ಟ 1000 ಡೈಪೋಲ್‌ಗಳು, ಪೂರ್ವ–ಪಶ್ಚಿಮವಾಗಿ 1.4 ಕಿಲೋಮೀಟರ್. ಆಕಾಶದ ಬೇರೆ ಎತ್ತರಕ್ಕೆ ನೋಡಬೇಕಾದರೆ ಡೈಪೋಲ್ ಅಲ್ಲಾಡಿಸುತ್ತಿರಲಿಲ್ಲ. ಡಯೋಡ್ ಸ್ವಿಚ್ಚುಗಳಿಂದ ಫೇಸ್ ಬದಲಿಸುತ್ತಿದ್ದರು. ಅಂದರೆ ಇಡೀ ದೂರದರ್ಶಕ ತಿರುಗುತ್ತಿದ್ದುದು ಬರೀ ಸೆಟ್ಟಿಂಗ್‌ನಿಂದ.

ಈಗ ಯೋಚಿಸಿ. ಇಂಥ ವ್ಯವಸ್ಥೆಯಲ್ಲಿ ಅರ್ಧ ಸಾಲಿಗೆ ಹೊಸ ಫೇಸ್ ತಲುಪಿ, ಇನ್ನರ್ಧಕ್ಕೆ ಹಳೆಯದೇ ಇದ್ದರೆ ಅದು ಎಲ್ಲಿ ನೋಡ್ತಾ ಇರುತ್ತೆ? ಹಳೆಯ ಜಾಗವನ್ನೂ ಅಲ್ಲ, ಹೊಸ ಜಾಗವನ್ನೂ ಅಲ್ಲ. ಎರಡು ಸರಿಯಾದ ಸೆಟ್ಟಿಂಗ್‌ಗಳ ನಡುವೆ ಒಂದು ತಪ್ಪು ಸೆಟ್ಟಿಂಗ್ ಹಾದುಹೋಗುತ್ತೆ. ದೂರದರ್ಶಕದಲ್ಲಿ ಆ ಹೊತ್ತಿನ ದತ್ತಾಂಶ ಎಸೆದರೆ ಮುಗೀತು. ದೋಣಿಯಲ್ಲಿ ಆ ಹೊತ್ತನ್ನು ಎಸೆಯೋಕೆ ಆಗಲ್ಲ.

ಆರ್ಡುಪೈಲಟ್ ರೋವರ್‌ನ ಮುಖ್ಯ ಲೂಪ್ ಸಾಮಾನ್ಯವಾಗಿ ಸೆಕೆಂಡಿಗೆ 50 ಸಲ ಓಡುತ್ತೆ, ಅಂದರೆ 20 ಮಿಲಿಸೆಕೆಂಡಿಗೆ ಒಂದು ಸಲ. ನೀವು ಪಿ, ಡಿ ಎರಡನ್ನೂ ಬದಲಿಸಬೇಕು ಅಂತಿಟ್ಟುಕೊಳ್ಳಿ. ಎರಡು ಸಂದೇಶ ಎರಡು ಬೇರೆ ಲೂಪ್‌ನಲ್ಲಿ ತಲುಪುತ್ತೆ. ನಡುವೆ ಹೊಸ ಪಿ, ಹಳೆಯ ಡಿ. ಪಿ ಹೆಚ್ಚಾಗಿ ಡಿ ಇನ್ನೂ ಹೆಚ್ಚದಿದ್ದರೆ ದೋಣಿ ಹೊರಳಾಡುತ್ತೆ. 20 ಮಿಲಿಸೆಕೆಂಡಿಗೆ ಏನಾಗುತ್ತೆ ಅಂತೀರಾ? ಏನೂ ಆಗಲ್ಲ. ಆದರೆ ಎರಡನೇ ಸಂದೇಶ ರೇಡಿಯೋದಲ್ಲಿ ಕಳೆದುಹೋದರೆ ಆ ಸ್ಥಿತಿಯೇ ಕಾಯಂ.

ಪರಿಹಾರ ಎರಡು. ಒಂದು, ಅನುಕ್ರಮ ನೋಡಿಕೊಳ್ಳೋದು: ಪಿ ಹೆಚ್ಚಿಸುವಾಗ ಡಿ ಮೊದಲು, ಇಳಿಸುವಾಗ ಪಿ ಮೊದಲು. ಹೀಗೆ ಮಾಡಿದರೆ ಎರಡನೇ ಸಂದೇಶ ಕಳೆದುಹೋದರೂ ಬ್ರೇಕ್ ಸಾಲದೆ ಬರುವ ಪ್ರಸಂಗ ಇಲ್ಲ. ಇನ್ನೊಂದು, ಸೆಟ್ಟಿಂಗ್‌ಗಳ ಎರಡು ಪ್ರತಿ ಇಡೋದು. ಹೊಸ ಬೆಲೆಗಳೆಲ್ಲ ಪಕ್ಕದ ಪ್ರತಿಯಲ್ಲಿ ಬರೆಯಿರಿ, ಪರೀಕ್ಷಿಸಿ, ಎಲ್ಲಾ ಸರಿಯಿದ್ದರೆ ಲೂಪ್‌ನ ಶುರುವಿನಲ್ಲಿ ಒಂದೇ ಏಟಿಗೆ ಪಾಯಿಂಟರ್ ಬದಲಿಸಿ. ಲೂಪ್ ಒಮ್ಮೆ ಶುರುವಾದ ಮೇಲೆ ಮುಗಿಯೋವರೆಗೂ ಒಂದೇ ಪ್ರತಿಯನ್ನು ಓದಬೇಕು. ಇಂಟರಪ್ಟ್ ಒಳಗಿಂದ ನೇರವಾಗಿ ಚಾಲ್ತಿ ಪ್ರತಿಗೆ ಬರೆಯೋದು ಬೇಡವೇ ಬೇಡ.

5. ಏಟು ಬೀಳುವ ಮೂರು ಜಾಗ

ಇಲ್ಲಿ ಪೆನ್ನು ಪೇಪರ್ ತೆಗೆದುಕೊಳ್ಳಿ. ಲ್ಯಾಬಲ್ಲಿ ಬೇಕಾಗೋದು ಇದೇ.

ಮೊದಲನೆಯದು ಐ ಭಾಗ. ಎಡದಿಂದ ಗಾಳಿ ತಳ್ಳುತ್ತಿದೆ. ಎರರ್‌ಗಳ ಒಟ್ಟು ಮೊತ್ತ 40 ಡಿಗ್ರಿ-ಸೆಕೆಂಡ್ ಆಗಿದೆ, ಐ ಬೆಲೆ 0.1. ಗುಣಿಸಿದರೆ 4 ಡಿಗ್ರಿ ಚುಕ್ಕಾಣಿ. ಅದು ಗಾಳಿಯನ್ನು ಸರಿಯಾಗಿ ತಡೆದು ನಿಂತಿದೆ, ದೋಣಿ ನೇರ ಹೋಗ್ತಾ ಇದೆ. ಈಗ ನೀವು ಐ ಬೆಲೆ 0.3 ಮಾಡಿದಿರಿ. ಮುಂದಿನ ಲೂಪಲ್ಲೇ 40 × 0.3 = 12 ಡಿಗ್ರಿ. ಗಾಳಿ ಬದಲಾಗಿಲ್ಲ, ಅಲೆ ಬದಲಾಗಿಲ್ಲ, ಎರರ್ ಸೊನ್ನೆ. ಆದರೂ ಚುಕ್ಕಾಣಿ 8 ಡಿಗ್ರಿ ಹಾರಿತು. ಇದನ್ನೇ ಬಂಪ್ ಅನ್ನೋದು.

ತಪ್ಪಿಸೋದು ಸುಲಭ. ಎರರ್‌ಗಳನ್ನು ಕೂಡಿಸಿಟ್ಟು ಆಮೇಲೆ ಗುಣಿಸಬೇಡಿ. ಪ್ರತಿ ಲೂಪಲ್ಲೂ ಐ ಬೆಲೆ × ಎರರ್ × ಕಾಲ ಅಂತ ಗುಣಿಸಿದ್ದನ್ನೇ ಕೂಡಿಸುತ್ತಾ ಹೋಗಿ. ಆಗ ಪೆಟ್ಟಿಗೆಯಲ್ಲಿರೋದು "4 ಡಿಗ್ರಿ ಚುಕ್ಕಾಣಿ" ಅನ್ನುವ ಬೆಲೆಯೇ. ಐ ಬೆಲೆ ಬದಲಾದರೂ ಆ 4 ಡಿಗ್ರಿ ಹಾಗೇ ಇರುತ್ತೆ. ಇನ್ನು ಮುಂದೆ ಕೂಡುವ ವೇಗ ಮಾತ್ರ ಬದಲಾಗುತ್ತೆ. ಆರ್ಡುಪೈಲಟ್‌ನ ಪಿಐಡಿ ಕೋಡ್ ತೆರೆದು ನೋಡಿ, ಹೀಗೇ ಬರೆದಿದ್ದಾರೆ. ಗುಣಾಕಾರದ ಜಾಗ ಒಂದು ಸಾಲು ಆಚೀಚೆ ಆದರೆ ಇಷ್ಟು ವ್ಯತ್ಯಾಸ.

ಎರಡನೆಯದು ಡಿ ಭಾಗ. ದೋಣಿ 80ರಲ್ಲಿ ನೆಟ್ಟಗೆ ಹೋಗ್ತಿದೆ, ನೀವು ಆಜ್ಞೆಯನ್ನು 90 ಮಾಡಿದಿರಿ. ಎರರ್ ಒಂದೇ ಲೂಪಲ್ಲಿ 0ಯಿಂದ 10ಕ್ಕೆ ಹಾರಿತು. ಎರರ್ ಬದಲಾದ ವೇಗ 10 ÷ 0.02 = ಸೆಕೆಂಡಿಗೆ 500 ಡಿಗ್ರಿ. ಡಿ ಬೆಲೆ 0.2 ಇದ್ದರೆ 100 ಡಿಗ್ರಿ ಚುಕ್ಕಾಣಿ ಕೇಳುತ್ತೆ! ಚುಕ್ಕಾಣಿ 35 ಡಿಗ್ರಿ ಹೊತ್ತಿಗೆ ತಡೆಗೆ ತಾಕಿ ಗೇರು ಕಿರುಗುಟ್ಟುತ್ತೆ. ಉಪಾಯ: ಡಿ ಭಾಗಕ್ಕೆ ಎರರ್ ಕೊಡಬೇಡಿ, ದೋಣಿ ನಿಜವಾಗಿ ತಿರುಗುವ ವೇಗ ಕೊಡಿ. ಅದು ಜೈರೋದಿಂದ ನೇರವಾಗಿ ಸಿಗುತ್ತೆ. ಆಜ್ಞೆ ಹಾರಿದರೂ ದೋಣಿ ಹಾರಲ್ಲ, ಹಾಗಾಗಿ ಡಿ ಭಾಗವೂ ಹಾರಲ್ಲ. ಇದೇ ಕಡೆ ಇನ್ನೊಂದು ಮಾತು: 350 ಡಿಗ್ರಿಯಿಂದ 10 ಡಿಗ್ರಿಗೆ ಹೋಗು ಅಂದರೆ ಎರರ್ 20, ಮೈನಸ್ 340 ಅಲ್ಲ. ಈ ಸುತ್ತು ಲೆಕ್ಕ ತಪ್ಪಿದರೆ ದೋಣಿ ಉತ್ತರ ದಿಕ್ಕು ದಾಟುವಾಗಲೆಲ್ಲ ಒಂದು ಪೂರ್ತಿ ಪ್ರದಕ್ಷಿಣೆ ಹಾಕುತ್ತೆ.

ಮೂರನೆಯದು ಮೋಡ್ ಬದಲಾವಣೆ. ಪೈಪೈಲಟ್‌ನಲ್ಲಿ ದಿಕ್ಸೂಚಿ ಮೋಡ್, ಜಿಪಿಎಸ್ ಮೋಡ್, ಗಾಳಿ ಮೋಡ್ ಅಂತೆಲ್ಲ ಇವೆ. ದಿಕ್ಸೂಚಿ ಮೋಡಲ್ಲಿ ಆಜ್ಞೆ 90 ಇದೆ. ಗಾಳಿ ದೋಣಿಯ ಮೂತಿಗೆ 40 ಡಿಗ್ರಿ ಕೋನದಲ್ಲಿ ಬರ್ತಿದೆ. ಗಾಳಿ ಮೋಡಿಗೆ ಬದಲಿಸಿ, 90 ಅನ್ನುವ ಸಂಖ್ಯೆ ಹಾಗೇ ಉಳಿದರೆ? "ಗಾಳಿಗೆ 90 ಡಿಗ್ರಿಯಲ್ಲಿ ಹೋಗು" ಅಂತ ಅರ್ಥವಾಗಿ ದೋಣಿ 50 ಡಿಗ್ರಿ ತಿರುಗಿಬಿಡುತ್ತೆ. ಸಂಖ್ಯೆ ಅದೇ, ಅರ್ಥ ಬೇರೆ. ಹಾಗಾಗಿ ಮೋಡ್ ಬದಲಾದ ಕ್ಷಣದಲ್ಲಿ ಹೊಸ ಮೋಡಿನ ಈಗಿನ ಅಳತೆಯನ್ನೇ, ಇಲ್ಲಿ 40ನ್ನು, ಆಜ್ಞೆಯಾಗಿ ಹಿಡಿದುಕೊಳ್ಳಬೇಕು. ದೋಣಿಗೆ ಏನೂ ಗೊತ್ತಾಗಬಾರದು.

ಪಿ ಬೆಲೆಗೂ ಇದೇ ಎಚ್ಚರ. ಎರರ್ 10 ಇರುವಾಗ ಪಿ 0.5ರಿಂದ 2ಕ್ಕೆ ಹೋದರೆ ಚುಕ್ಕಾಣಿ 5ರಿಂದ 20ಕ್ಕೆ ಹಾರುತ್ತೆ. ಎರರ್ ಕಡಿಮೆ ಇರುವಾಗ ಬದಲಿಸಿ, ಅಥವಾ ಕೋಡೇ ಕೆಲವು ಸೆಕೆಂಡ್ ತೆಗೆದುಕೊಂಡು ಮೆಲ್ಲಗೆ ಏರಿಸಲಿ.

6. "ಕಳಿಸಿದೆ" ಅಂದರೆ "ತಲುಪಿತು" ಅಲ್ಲ

ದಡದ ಲ್ಯಾಪ್‌ಟಾಪಿಗೂ ದೋಣಿಗೂ ನಡುವೆ ರೇಡಿಯೋ ಇದೆ. ಆರ್ಡುಪೈಲಟ್ ಮಾತಾಡೋದು ಮ್ಯಾವ್‌ಲಿಂಕ್ ಅನ್ನುವ ಒಪ್ಪಂದದಲ್ಲಿ. ಬದಲಿಸುವ ಸಂದೇಶದಲ್ಲಿ ಗರಿಷ್ಠ 16 ಅಕ್ಷರದ ಹೆಸರು, 32 ಬಿಟ್ ಫ್ಲೋಟ್ ಬೆಲೆ ಇರುತ್ತೆ. ದೋಣಿ ಅದನ್ನು ಒಪ್ಪಿಕೊಂಡರೆ ಬರೀ "ಸರಿ" ಅನ್ನಲ್ಲ. ತನ್ನೊಳಗೆ ಈಗ ನಿಜವಾಗಿ ಇರುವ ಬೆಲೆಯನ್ನು ವಾಪಸ್ ಹೇಳುತ್ತೆ. ಉತ್ತರ ಬರದಿದ್ದರೆ ಲ್ಯಾಪ್‌ಟಾಪ್ ಮತ್ತೆ ಕಳಿಸಬೇಕು.

ಈ ವಿನ್ಯಾಸದಲ್ಲಿ ಎರಡು ಜಾಣತನ ಇದೆ. ವಾಪಸ್ ಬಂದದ್ದು ನೀವು ಕಳಿಸಿದ ಸಂಖ್ಯೆಯೇ ಅಲ್ಲವೇ ಅಂತ ಹೋಲಿಸಬಹುದು. ಮತ್ತೆ, ಸಂದೇಶ "ಪಿ ಬೆಲೆ 0.7 ಆಗಲಿ" ಅನ್ನುತ್ತೆ, "ಪಿ ಬೆಲೆ 0.2 ಹೆಚ್ಚಿಸು" ಅನ್ನಲ್ಲ. ಮೊದಲ ಬಗೆಯದನ್ನು ಮೂರು ಸಲ ಕಳಿಸಿದರೂ ಫಲ ಒಂದೇ. ಎರಡನೆಯದನ್ನು ಉತ್ತರ ಕಳೆದುಹೋಗಿದ್ದಕ್ಕೆ ಮೂರು ಸಲ ಕಳಿಸಿದರೆ 0.6 ಏರಿಬಿಟ್ಟಿರುತ್ತೆ. ನಿಮ್ಮದೇ ಪ್ರೊಟೊಕಾಲ್ ಬರೆಯುವಾಗ ಇದನ್ನು ಮರೆಯಬೇಡಿ.

ಪೈಪೈಲಟ್ ಇನ್ನೂ ಸರಳ: ನೆಟ್‌ವರ್ಕಿನಲ್ಲಿ ಹೆಸರು, ಸಮ ಚಿಹ್ನೆ, ಬೆಲೆ ಅಂತ ಒಂದು ಸಾಲು ಕಳಿಸಿದರೆ ಆಯಿತು. ಯಾವ ಸೆಟ್ಟಿಂಗ್ ಮೇಲೆ ಕಣ್ಣಿಡಬೇಕು ಅಂತ ಮೊದಲೇ ಹೇಳಿದರೆ ಅದು ಬದಲಾದಾಗಲೆಲ್ಲ ಸರ್ವರ್ ತಾನೇ ತಿಳಿಸುತ್ತೆ. ಒಬ್ಬರ ಕೈಲಿ ಮೊಬೈಲು, ಇನ್ನೊಬ್ಬರ ಕೈಲಿ ಲ್ಯಾಪ್‌ಟಾಪು ಇದ್ದಾಗ ಇದು ಬೇಕೇ ಬೇಕು. ಇಲ್ಲದಿದ್ದರೆ ಒಬ್ಬ ಹಳೆಯ ಬೆಲೆ ನೋಡಿಕೊಂಡು "ಇದೇನ್ ಕಡಿಮೆ ಇದೆ" ಅಂತ ಮತ್ತೆ ಏರಿಸುತ್ತಾನೆ.

ಉಳಿಸುವ ವಿಷಯ. ಬದಲಿಸಿದ ಬೆಲೆ ಮೆಮೊರಿಯಲ್ಲಷ್ಟೇ ಇದ್ದರೆ ಬ್ಯಾಟರಿ ಒಮ್ಮೆ ಜರ್ಕ್ ಹೊಡೆದು ರೀಬೂಟ್ ಆದಾಗ ಹಳೆಯ ಬೆಲೆ ವಾಪಸ್ ಬರುತ್ತೆ. ತಕ್ಷಣ ಡಿಸ್ಕಿಗೆ ಬರೆದರೆ ಕೆಟ್ಟ ಬೆಲೆಯೂ ಕಾಯಂ ಆಗುತ್ತೆ. ಒಳ್ಳೆ ಪದ್ಧತಿ ಅಂದರೆ ಮೊದಲು ಪ್ರಯತ್ನ, ಆಮೇಲೆ ಖಾಯಂ: ಹೊಸ ಬೆಲೆ ಹಾಕಿ ಒಂದು ನಿಮಿಷ ನೋಡಿ, ಅಷ್ಟರಲ್ಲಿ ದಡದಿಂದ "ಇರಲಿ" ಅಂತ ಬರದಿದ್ದರೆ ದೋಣಿ ತಾನೇ ಹಳೆಯ ಬೆಲೆಗೆ ಮರಳಲಿ. ಕೆಟ್ಟ ಬೆಲೆಯಿಂದ ರೇಡಿಯೋ ಸಂಪರ್ಕವೇ ಹೋದರೂ ದೋಣಿ ತನ್ನನ್ನು ತಾನು ಉಳಿಸಿಕೊಳ್ಳುತ್ತೆ. ಫೈಲ್ ಬರೆಯುವಾಗ ಬೇರೆ ಹೆಸರಲ್ಲಿ ಪೂರ್ತಿ ಬರೆದು, ಆಮೇಲೆ ಹೆಸರು ಬದಲಿಸಿ. ಅರ್ಧ ಬರೆದಾಗ ಕರೆಂಟ್ ಹೋದರೂ ಹಳೆಯ ಫೈಲ್ ಸುರಕ್ಷಿತ.

7. ದೊಡ್ಡವರ ಮನೆಯಲ್ಲೂ ಆಗಿದೆ

ಇದೆಲ್ಲ ಅತಿಯಾಯ್ತು ಅನಿಸಿದರೆ ಮೂರು ಘಟನೆ ನೋಡಿ.

ವೈಕಿಂಗ್ 1 ನೌಕೆ 1976ರ ಜುಲೈ 20ರಂದು ಮಂಗಳದ ಮೇಲೆ ಇಳಿದು ಆರು ವರ್ಷ ಕೆಲಸ ಮಾಡಿತು. 1982ರ ನವೆಂಬರಿನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಕ್ರಮ ಸುಧಾರಿಸೋಕೆ ಭೂಮಿಯಿಂದ ಹೊಸ ಬೆಲೆಗಳನ್ನು ಕಳಿಸಿದರು. ಅವು ಆಂಟೆನಾವನ್ನು ಭೂಮಿಯತ್ತ ತಿರುಗಿಸುವ ದತ್ತಾಂಶದ ಮೇಲೆ ಬರೆದುಕೊಂಡವು. ಆಂಟೆನಾ ಬೇರೆಲ್ಲೋ ತಿರುಗಿತು. ಮತ್ತೆ ಮಾತಾಡಲೇ ಇಲ್ಲ.

ಮಾರ್ಸ್ ಗ್ಲೋಬಲ್ ಸರ್ವೇಯರ್‌ದು ಇನ್ನೂ ಕಲಿಯುವಂಥದ್ದು. 2006ರ ಜೂನಿನಲ್ಲಿ ಕಳಿಸಿದ ಪ್ಯಾರಾಮೀಟರ್‌ಗಳು ತಪ್ಪು ಮೆಮೊರಿ ವಿಳಾಸಕ್ಕೆ ಹೋದವು. ಕೂಡಲೇ ಏನೂ ಆಗಲಿಲ್ಲ. ನವೆಂಬರಿನಲ್ಲಿ ಸೋಲಾರ್ ಫಲಕವನ್ನು ತಿರುಗಿಸುವ ಮಾಮೂಲಿ ಆಜ್ಞೆ ಬಂದಾಗ ಆ ತಪ್ಪು ಎಚ್ಚರವಾಯಿತು. ಫಲಕ ತನ್ನ ಮಿತಿಗೆ ಹೋಗಿ ತಾಕಿತು, ನೌಕೆ ತನ್ನ ಬ್ಯಾಟರಿಯನ್ನೇ ಬಿಸಿಲಿಗೆ ಒಡ್ಡಿ ನಿಂತಿತು, ಬ್ಯಾಟರಿ ಹಾಳಾಯಿತು. "ಬದಲಿಸಿದೆ, ಏನೂ ಆಗಲಿಲ್ಲ, ಹಾಗಾಗಿ ಸರಿಯಿದೆ" ಅನ್ನುವ ತರ್ಕ ಎಷ್ಟು ಪೊಳ್ಳು ಅನ್ನೋದಕ್ಕೆ ಇದು ಸಾಕ್ಷಿ. ಹೆಸರಿನಿಂದ ಬದಲಿಸಿ, ವಿಳಾಸದಿಂದಲ್ಲ ಅನ್ನೋ ನಿಯಮ ಯಾಕೆ ಅಂತಲೂ ಇಲ್ಲಿ ಗೊತ್ತಾಗುತ್ತೆ.

ಮೂರನೆಯದು ಹಡಗಿನದ್ದೇ. 1995ರ ಜೂನಿನಲ್ಲಿ ರಾಯಲ್ ಮೆಜೆಸ್ಟಿ ಅನ್ನುವ ಪ್ರಯಾಣಿಕರ ಹಡಗು ಬರ್ಮುಡಾದಿಂದ ಬಾಸ್ಟನ್‌ಗೆ ಹೊರಟಿತು. ಸ್ವಲ್ಪ ಹೊತ್ತಿಗೇ ಜಿಪಿಎಸ್ ಆಂಟೆನಾದ ಕೇಬಲ್ ಕಳಚಿತು. ಜಿಪಿಎಸ್ ಪೆಟ್ಟಿಗೆ ತಾನೇ ಮೋಡ್ ಬದಲಿಸಿ, ವೇಗ ಮತ್ತು ದಿಕ್ಕಿನಿಂದ ಅಂದಾಜು ಸ್ಥಾನ ಲೆಕ್ಕ ಹಾಕತೊಡಗಿತು. ಪರದೆಯ ಮೇಲೆ ಚಿಕ್ಕ ಅಕ್ಷರದಲ್ಲಿ ಅದನ್ನು ತೋರಿಸಿತ್ತು, ಯಾರೂ ಗಮನಿಸಲಿಲ್ಲ. ಆಟೋಪೈಲಟ್ ಆ ಅಂದಾಜನ್ನೇ ನಿಜ ಅಂತ ನಂಬಿ 34 ಗಂಟೆ ಓಡಿಸಿತು. ಜೂನ್ 10ರ ರಾತ್ರಿ ನಾಂಟಕೆಟ್ ಬಳಿ ಮರಳ ದಿಬ್ಬಕ್ಕೆ ಏರಿದಾಗ ಹಡಗು ದಾರಿಯಿಂದ ಸುಮಾರು 17 ಮೈಲಿ ಆಚೆ ಇತ್ತು. ಹಡಗಿನಲ್ಲಿ ಸುಮಾರು 1500 ಜನ ಇದ್ದರು. ಅದೃಷ್ಟಕ್ಕೆ ಯಾರ ಪ್ರಾಣವೂ ಹೋಗಲಿಲ್ಲ. ಯಂತ್ರ ತಾನೇ ಮಾಡಿಕೊಂಡ ಸೆಟ್ಟಿಂಗ್ ಬದಲಾವಣೆಯನ್ನೂ ಜೋರಾಗಿ ಹೇಳಬೇಕು. ಚಿಕ್ಕ ಅಕ್ಷರದಲ್ಲಿ ಹೇಳಿದರೆ ಹೇಳಿದ ಹಾಗಲ್ಲ.

8. ಮೊದಲು ಪರದೆ, ಆಮೇಲೆ ಕೆರೆ

ಕಲಿಯೋಕೆ ನೀರು ಬೇಕಿಲ್ಲ. ಆರ್ಡುಪೈಲಟ್ ಜೊತೆ ಬರುವ ಸಿಮ್ಯುಲೇಟರಿನಲ್ಲಿ ಮೋಟಾರು ದೋಣಿಯೂ ಹಾಯಿದೋಣಿಯೂ ಇದೆ, ಲ್ಯಾಪ್‌ಟಾಪಲ್ಲೇ ಓಡುತ್ತೆ. ನಿಜವಾದ ದೋಣಿಗೆ ಹೋಗುವ ಅದೇ ಕೋಡ್. ಅಲ್ಲಿ ಗಾಳಿ ಕೊಡಿ, ಓಡುವಾಗ ಬೆಲೆ ಬದಲಿಸಿ, ಲಾಗ್ ತೆಗೆದು ಚುಕ್ಕಾಣಿಯ ಗ್ರಾಫ್ ಹಾಕಿ. ಬಂಪ್ ಆದರೆ ಕಣ್ಣಿಗೆ ಕಾಣುತ್ತೆ.

ಕೆರೆಗೆ ಹೋಗುವ ದಿನ ಬಂದರೆ ಮೊದಲು ಸಂಬಂಧಪಟ್ಟವರ ಅನುಮತಿ ತೆಗೆದುಕೊಳ್ಳಿ, ಗೈಡ್ ಜೊತೆಗಿರಲಿ. ದೋಣಿಗೆ ಉದ್ದನೆಯ ತೇಲುವ ಹಗ್ಗ ಕಟ್ಟಿ, ಅದು ಪ್ರೊಪೆಲ್ಲರಿಗೆ ಸಿಕ್ಕದ ಹಾಗೆ ನೋಡಿಕೊಳ್ಳಿ. ಒಬ್ಬರ ಕೈಯಲ್ಲಿ ರಿಮೋಟು ಇರಬೇಕು, ಅವರು ಒಂದು ಸ್ವಿಚ್ ಒತ್ತಿದರೆ ಆಟೋಪೈಲಟ್ ಬಿಟ್ಟು ಚುಕ್ಕಾಣಿ ಮನುಷ್ಯನ ಕೈಗೆ ಬರಬೇಕು. ಅವರು ಬೇರೆ ಯಾವ ಕೆಲಸವನ್ನೂ ಮಾಡಬಾರದು. ಸೆಟ್ಟಿಂಗ್ ಬದಲಿಸುವವರು ಒಬ್ಬರೇ, ಬದಲಿಸುವ ಮೊದಲು ಗಟ್ಟಿಯಾಗಿ ಹೇಳಬೇಕು: ಯಾವುದು, ಎಷ್ಟಿತ್ತು, ಎಷ್ಟಾಗುತ್ತೆ. ಇನ್ನೊಬ್ಬರು ಸಮಯದ ಜೊತೆ ಬರೆದುಕೊಳ್ಳಲಿ.

ಎಲ್ಲಕ್ಕಿಂತ ಮುಖ್ಯ ಮಾತು: ದೋಣಿ ಕೆರೆ ನಡುವೆ ಕೆಟ್ಟು ನಿಂತರೆ ಅದನ್ನು ತರೋಕೆ ಯಾರೂ ಈಜಿ ಇಳಿಯಬಾರದು. ನಮ್ಮ ಕೆರೆಗಳಲ್ಲಿ ಹೂಳು, ಮಣ್ಣು ತೆಗೆದ ಗುಂಡಿಗಳು ನೀರಿನಡಿ ಇರುತ್ತೆ, ಮೇಲಿಂದ ಕಾಣಲ್ಲ. ಮೊಣಕಾಲು ನೀರು ಅಂದುಕೊಂಡು ಇಟ್ಟ ಮುಂದಿನ ಹೆಜ್ಜೆಗೆ ಆಳ ಎಷ್ಟೋ. ದೋಣಿ ಹೋದರೆ ಹೋಯಿತು, ಬೋರ್ಡು ಇನ್ನೊಂದು ತರಬಹುದು. ಗಾಳಿ ಸಂಜೆಯೊಳಗೆ ಅದನ್ನು ಯಾವುದೋ ದಡಕ್ಕೆ ತಂದು ಹಾಕಲೂಬಹುದು. ಕಾಯಿರಿ.

ಅಭ್ಯಾಸಕ್ಕೆ

1. ಎರರ್‌ಗಳ ಮೊತ್ತ 25 ಡಿಗ್ರಿ-ಸೆಕೆಂಡ್, ಐ ಬೆಲೆ 0.2. ಅದನ್ನು 0.08ಕ್ಕೆ ಇಳಿಸಿದರೆ ಎರಡು ಬಗೆಯ ಕೋಡಿನಲ್ಲಿ ಚುಕ್ಕಾಣಿ ಎಷ್ಟು ಹಾರುತ್ತೆ? (ಉತ್ತರ: ಕೂಡಿಸಿ ಗುಣಿಸಿದರೆ 5ರಿಂದ 2ಕ್ಕೆ, ಅಂದರೆ 3 ಡಿಗ್ರಿ, ಗುಣಿಸಿ ಕೂಡಿಸಿದರೆ ಸೊನ್ನೆ.)

2. ನಿಮ್ಮ ಈಗಿನ ಪ್ರಾಜೆಕ್ಟಿನ ಎಲ್ಲಾ ಸೆಟ್ಟಿಂಗ್‌ಗಳನ್ನು ಪಟ್ಟಿ ಮಾಡಿ. ಆಜ್ಞೆ, ಟ್ಯೂನಿಂಗ್, ರಚನೆ ಅಂತ ವಿಂಗಡಿಸಿ. ಯಾವುದರಲ್ಲಿ ಗೊಂದಲ ಬರುತ್ತೋ ಅದರ ಬಗ್ಗೆ ಗೈಡ್ ಹತ್ತಿರ ಮಾತಾಡಿ. ಅಲ್ಲೇ ತೊಂದರೆ ಅಡಗಿರೋದು.

3. ವೇಗದ ಮಿತಿಯನ್ನು ಒಬ್ಬರು ನಾಟ್‌ನಲ್ಲಿ, ಇನ್ನೊಬ್ಬರು ಸೆಕೆಂಡಿಗೆ ಮೀಟರಿನಲ್ಲಿ ಬರೆದರೆ ಏನಾಗುತ್ತೆ? 1 ನಾಟ್ ಅಂದರೆ ಸೆಕೆಂಡಿಗೆ 0.514 ಮೀಟರ್. ಈ ತಪ್ಪನ್ನು ಬರೀ ಕನಿಷ್ಠ–ಗರಿಷ್ಠ ಮಿತಿಯಿಂದ ಹಿಡಿಯೋಕೆ ಆಗುತ್ತಾ? ಆಗದಿದ್ದರೆ ಸೆಟ್ಟಿಂಗ್‌ನ ಹೆಸರಿನಲ್ಲೇ ಏನು ಸೇರಿಸಬಹುದು?

4. ಚಿಂತಾಮಣಿ ಕಡೆಯ ಟೊಮೆಟೊ ತೋಟದ ಹನಿ ನೀರಾವರಿಗೆ ಟೈಮರ್ ಮತ್ತು ತೇವಾಂಶ ಸೆನ್ಸರ್ ಇದೆ ಅಂದುಕೊಳ್ಳಿ. ಪಂಪು ಓಡುತ್ತಿರುವಾಗ ರೈತರು ಮೊಬೈಲಿನಿಂದ ಟೈಮರ್ ಮೋಡು ಬಿಟ್ಟು ತೇವಾಂಶ ಮೋಡಿಗೆ ಬದಲಿಸಿದರೆ ಪಂಪು ಏನು ಮಾಡಬೇಕು? ಸಂದೇಶ ತಲುಪದಿದ್ದರೆ ಏನು ಮಾಡಬೇಕು? ಇದಕ್ಕೆ ದೋಣಿ ಬೇಡ, ಉತ್ತರ ಮಾತ್ರ ಈ ಲೇಖನದ್ದೇ.